ಸೋಪಿನ ಸದ್ದು

ಗಡ್ಡದ ಕ್ರೀಮಿನ ಟ್ಯೂಬುಗಳಿದ್ದ ಪೆಟ್ಟಿಗೆಯನ್ನು ತಮ್ಮ ತಂದು ಕನ್ನಡಿಯ ಕೆಳಗಿನ ಹಲಗೆಯ ಮೇಲೆ ದೊಪ್ಪನೆ ಇಟ್ಟಾಗ ನೊರೆಯಣ್ಣ ಬಟ್ಟಲಿನಲ್ಲಿ ಬ್ರಷ್ಷು ತಿರುಗಿಸುತ್ತಿದ್ದ. ಬೆಳಿಗ್ಗೆ ಎಂಟು ಗಂಟೆ, ಅಂಗಡಿಗೆ ಇನ್ನೂ ಒಬ್ಬ ಗಿರಾಕಿಯೂ ಬಂದಿರಲಿಲ್ಲ. ಬರುವ ಮೊದಲೇ ನೊರೆ ಎಬ್ಬಿಸಿಡುವುದು ಅವನ ನಲವತ್ತು ವರ್ಷಗಳ ಚಾಳಿ. ಬಿಸಿನೀರಿನಲ್ಲಿ ನೆನೆದ ಸೋಪಿನ ಬಿಲ್ಲೆಯ ಮೇಲೆ ಬ್ರಷ್ಷನ್ನು ಮೊದಲು ನಿಧಾನವಾಗಿ, ಆಮೇಲೆ ಜೋರಾಗಿ, ಮತ್ತೆ ನಿಧಾನವಾಗಿ ತಿರುಗಿಸಿ, ಬಟ್ಟಲು ಬೋರಲು ಹಾಕಿದರೂ ಬೀಳದಂಥ ನೊರೆ ಎಬ್ಬಿಸುತ್ತಿದ್ದ. ಹಾಗೆ ಬೋರಲು ಹಾಕಿ ತೋರಿಸುತ್ತಲೂ ಇದ್ದ. ಒಮ್ಮೆ ವಕೀಲರೊಬ್ಬರ ತೊಡೆಯ ಮೇಲೆ ಬಿದ್ದದ್ದೂ ಉಂಟು, ಅದನ್ನು ಮಾತ್ರ ಯಾರಿಗೂ ಹೇಳುತ್ತಿರಲಿಲ್ಲ. ಬೀದಿಯವರೆಲ್ಲ ಅವನ ನಿಜವಾದ ಹೆಸರು ಮರೆತು ನೊರೆಯಣ್ಣ ಎಂದು ಕರೆಯುತ್ತಿದ್ದದ್ದು ಇದಕ್ಕೇ.

"ಅಣ್ಣ, ಇನ್ಮೇಲೆ ಇದು," ಎಂದ ತಮ್ಮ. "ಬಟ್ಟಲು ತೆಗೆದು ಒಳಗಿಡು."

"ಯಾಕೆ, ಬಟ್ಟಲು ನಿಂಗೇನು ಮಾಡ್ತು?"

"ನಂಗೇನೂ ಮಾಡಿಲ್ಲ. ಎದುರುಗಡೆ ಬ್ಯಾಂಕಿನ ಕ್ಯಾಷಿಯರ್‌ಗೆ ಮಾಡಿದೆ. ಕುತ್ತಿಗೆ ತುಂಬಾ ಗುಳ್ಳೆ ಎದ್ದಿದೆಯಂತೆ. ಒಂದೇ ಬಟ್ಟಲು, ಒಂದೇ ಬ್ರಷ್ಷು, ಊರೋರ ಗಡ್ಡ ಎಲ್ಲಾ ಅದರಲ್ಲೇ ಅಂತ ಬ್ಯಾಂಕಿಗೆ ಬಂದೋರಿಗೆಲ್ಲ ಹೇಳ್ತಿದಾನೆ. ನಿನ್ನೆ ಮೂರು ಜನ ಬಾಗಿಲಲ್ಲೇ ನಿಂತು ಕ್ರೀಮ್ ಇದೆಯಾ ಅಂತ ಕೇಳಿ ವಾಪಸ್ ಹೋದ್ರು."

"ಬ್ರಷ್ಷನ್ನ ನಾನು ಸುಡೋ ನೀರಲ್ಲಿ ತೊಳೀತೀನಿ."

"ನಂಗೊತ್ತು. ಅವರಿಗೆ ಗೊತ್ತಿಲ್ವಲ್ಲ."

ನೊರೆಯಣ್ಣ ಬಟ್ಟಲು ಕೆಳಗಿಡದೆಯೇ ತನ್ನ ಹಳೆಯ ಸಿದ್ಧಾಂತ ತೆಗೆದ. "ನೋಡೋ, ಸೋಪು ಗಡ್ಡವನ್ನ ನಿಲ್ಲಿಸುತ್ತೆ. ಕ್ರೀಮು ಮಲಗಿಸುತ್ತೆ. ಮಲಗಿರೋದನ್ನ ಹೆಂಗೋ ಹೆರೀಲಿ?"

"ಬೇರೆ ಅಂಗಡಿಯೋರೆಲ್ಲ ಹೆರೀತಿಲ್ವಾ? ಮಲಗಿರೋ ಗಡ್ಡಕ್ಕೆ ಅಲ್ಲೇನು ಅಲಾರಂ ಇಡ್ತಾರಾ?" ಎಂದು ತಮ್ಮ ನಕ್ಕ. ಅಣ್ಣನ ಮುಖ ನೋಡಿ ನಗು ನಿಲ್ಲಿಸಿದ. "ಸರಿ, ಈ ವಾರ ನಿನ್ನ ಸೋಪೇ ಆಗ್ಲಿ. ಸೋಮವಾರದಿಂದ ಕ್ರೀಮು. ಇದರಲ್ಲಿ ಮಾತಿಲ್ಲ."

ತಮ್ಮ ಕೆಟ್ಟವನಲ್ಲ. ಅಣ್ಣನಿಗಿಂತ ಹನ್ನೊಂದು ವರ್ಷ ಚಿಕ್ಕವನು, ಐವತ್ತು ತುಂಬಿದ್ದರೂ ಅಣ್ಣನ ಮಾತಿಗೆ ಎದುರು ನಿಂತದ್ದು ಬೆರಳೆಣಿಕೆಯಷ್ಟು ಸಲ. ಅಂಗಡಿಯಲ್ಲಿದ್ದದ್ದು ಎರಡೇ ಕುರ್ಚಿ. ಬಾಗಿಲ ಪಕ್ಕದ ಮೊದಲನೆಯದು ಅಣ್ಣನದು, ಅದಕ್ಕೂ ಮೊದಲು ಅಪ್ಪನದು. ಎರಡನೆಯದು ತಮ್ಮನದು. ಸೋಪು ಕ್ರೀಮಿನ ವಿಷಯದಲ್ಲಿ ಅವನು ಹೇಳುತ್ತಿದ್ದದ್ದರಲ್ಲಿ ತಪ್ಪೇನೂ ಇರಲಿಲ್ಲ, ಅದು ನೊರೆಯಣ್ಣನಿಗೂ ಗೊತ್ತಿತ್ತು. ಗೊತ್ತಿದ್ದೂ ಜಪ್ಪಯ್ಯ ಎಂದರೂ ಒಪ್ಪದಿದ್ದದ್ದಕ್ಕೆ ಕಾರಣವೇ ಬೇರೆ. ನಿಲ್ಲುವ ಗಡ್ಡ, ಮಲಗುವ ಗಡ್ಡ ಎಲ್ಲ ಬರೀ ಬೊಗಳೆ.

ನೊರೆಯಣ್ಣನಿಗೆ ಕಣ್ಣು ಕಾಣುತ್ತಿರಲಿಲ್ಲ.

ಪೂರ್ತಿ ಕಾಣುತ್ತಿರಲಿಲ್ಲ ಎಂದಲ್ಲ. ಎಡಗಣ್ಣು ಹೋಗಿ ಎರಡು ವರ್ಷವಾಗಿತ್ತು. ಬಲಗಣ್ಣಿನಲ್ಲಿ ಎದುರಿಗಿದ್ದವರು ಮನುಷ್ಯರೆಂದು ತಿಳಿಯುತ್ತಿತ್ತು, ಅವರ ಮುಖ ಎಲ್ಲಿದೆ ಎಂದೂ ತಿಳಿಯುತ್ತಿತ್ತು, ಆದರೆ ಮುಖದ ಮೇಲೆ ಏನಿದೆ ಎಂಬುದು ಮಾತ್ರ ಬೂದಿ ಬಣ್ಣದ ಮಸುಕಿನಲ್ಲಿ ಕಲಸಿಹೋಗುತ್ತಿತ್ತು. ಬ್ಲೇಡು ತರುತ್ತೇನೆಂದು ಹೇಳಿ ಒಂದು ಮಧ್ಯಾಹ್ನ ಕಣ್ಣಿನ ಡಾಕ್ಟರ ಹತ್ತಿರ ಹೋಗಿಬಂದಿದ್ದ. ಹಿಂದಿನ ನರ ಒಣಗಿದೆ, ಹೋದದ್ದು ಬರುವುದಿಲ್ಲ, ಇದ್ದದ್ದನ್ನು ಉಳಿಸಿಕೊಳ್ಳಲು ದಿನಕ್ಕೆರಡು ಸಲ ಹನಿ ಹಾಕಿಕೊಳ್ಳಿ ಎಂದಿದ್ದರು ಅವರು. ಮನೆತನದಲ್ಲಿ ಯಾರಿಗಾದರೂ ಇತ್ತೇ ಎಂದು ಕೇಳಿದ್ದರು. ಇಲ್ಲ ಎಂದು ಸುಳ್ಳು ಹೇಳಿ, ವಾಪಸು ಬರುವಾಗ ಮರೆಯದೆ ಬ್ಲೇಡು ತಂದಿದ್ದ.

ಹಾಗಾದರೆ ಎರಡು ವರ್ಷದಿಂದ ಅವನು ಗಡ್ಡ ಹೆರೆಯುತ್ತಿದ್ದದ್ದು ಹೇಗೆ? ಕಿವಿಯಿಂದ. ಎಡಗೈ ಬೆರಳುಗಳಲ್ಲಿ ಚರ್ಮ ಎಳೆದು ಹಿಡಿದು ರೇಜರು ಆಡಿಸಿದರೆ, ಗಡ್ಡವಿದ್ದ ಕಡೆ ಚರ್ ಚರ್ ಎನ್ನುತ್ತಿತ್ತು, ನುಣ್ಣಗಾದ ಕಡೆ ಸುಯ್ಯೆಂದು ಜಾರುತ್ತಿತ್ತು. ಮಚ್ಚೆಯೋ ಗುಳ್ಳೆಯೋ ಎದುರಾದರೆ ಆ ಸದ್ದು ತಟ್ಟನೆ ಮಂದವಾಗುತ್ತಿತ್ತು, ಕೈ ಅಲ್ಲೇ ನಿಲ್ಲುತ್ತಿತ್ತು. ಇದೆಲ್ಲ ಸೋಪಿನ ನೊರೆಯಲ್ಲಿ ಮಾತ್ರ. ಸೋಪಿನ ನೊರೆ ಹಚ್ಚಿದ ಒಂದು ನಿಮಿಷಕ್ಕೆ ಬಿಗಿಯುತ್ತದೆ, ಬಿಗಿದ ನೊರೆಯಲ್ಲಿ ಬ್ಲೇಡು ಮಾತಾಡುತ್ತದೆ. ಕ್ರೀಮು ಹಚ್ಚಿದರೆ ಎಲ್ಲ ಕಡೆಯೂ ಒಂದೇ ಜಾರು, ಒಂದೇ ಮೌನ. ಬ್ಲೇಡಿನ ಬಾಯಿಗೆ ಬೀಗ ಹಾಕಿದ ಹಾಗೆ.

ಇತ್ತೀಚೆಗೆ ಅವನು ಗಡ್ಡ ಮಾಡುವಾಗ ಫ್ಯಾನು ಆರಿಸುತ್ತಿದ್ದ. ಗಾಳಿಗೆ ನೊರೆ ಒಣಗುತ್ತೆ ಎನ್ನುತ್ತಿದ್ದ. ರೇಡಿಯೋ ಆರಿಸಿ, ತಲೆನೋವು ಎನ್ನುತ್ತಿದ್ದ. ಸೆಕೆಯಲ್ಲಿ ಬೆವರು ಒರೆಸಿಕೊಳ್ಳುತ್ತ ತಮ್ಮ ಗೊಣಗುತ್ತಿದ್ದ, ವಯಸ್ಸಾದ ಮೇಲೆ ಅಣ್ಣನ ಕಿರಿಕಿರಿ ಜಾಸ್ತಿಯಾಯಿತೆಂದು ತಿಳಿದು ಸುಮ್ಮನಾಗುತ್ತಿದ್ದ. ಹೊಸ ಮುಖದವರು ಬಂದರೆ ನೊರೆಯಣ್ಣ ಉಪಾಯವಾಗಿ ತಮ್ಮನ ಕುರ್ಚಿಗೆ ಸಾಗಹಾಕುತ್ತಿದ್ದ. ಹಳೆಯ ಗಿರಾಕಿಗಳ ಮುಖಗಳು ಅವನಿಗೆ ಬಾಯಿಪಾಠ. ಯಾರ ಗದ್ದದಲ್ಲಿ ಗುಳಿ, ಯಾರ ಕೆನ್ನೆಯಲ್ಲಿ ಹೊಲಿಗೆಯ ಗುರುತು, ಯಾರ ಕುತ್ತಿಗೆಯಲ್ಲಿ ಗಡ್ಡ ಅಡ್ಡಡ್ಡ ಬೆಳೆದಿದೆ ಎಂಬುದೆಲ್ಲ ಬೆರಳಿಗೇ ಗೊತ್ತು. ಹೀಗೆ ಬೆರಳು, ಕಿವಿ, ನೆನಪು ಮೂರನ್ನೂ ಸೇರಿಸಿ ಅವನು ತನ್ನ ಕುರ್ಚಿ ಉಳಿಸಿಕೊಂಡಿದ್ದ. ಆ ಕುರ್ಚಿ ಹೋದರೆ ತಾನು ಯಾರು ಎಂಬುದೇ ಅವನಿಗೆ ಗೊತ್ತಿರಲಿಲ್ಲ.

ತಮ್ಮನಿಗೆ ಹೇಳಿಬಿಡಬಹುದಿತ್ತಲ್ಲ ಎಂದರೆ, ಹೇಳಲು ನಾಲಿಗೆ ಏಳುತ್ತಿರಲಿಲ್ಲ. ಅದಕ್ಕೆ ಕಾರಣ ಅಪ್ಪ.

ಮೂವತ್ತು ವರ್ಷದ ಹಿಂದೆ ಅಪ್ಪನ ಕಣ್ಣಿಗೂ ಹೀಗೇ ಆಗಿತ್ತು. ಅಪ್ಪನೂ ಯಾರಿಗೂ ಹೇಳಿರಲಿಲ್ಲ. ಒಂದು ದಿನ ಅಂಗಡಿ ತುಂಬ ಜನ ಇದ್ದಾಗ ಗಿರಾಕಿಯೊಬ್ಬನ ಕೆನ್ನೆಗೆ ಬ್ಲೇಡು ತಾಗಿಸಿದ. ಆಗ ಎರಡನೆಯ ಕುರ್ಚಿಯಲ್ಲಿ ಕೆಲಸ ಮಾಡುತ್ತಿದ್ದ ನೊರೆಯಣ್ಣ, ಮೂವತ್ತೊಂದರ ಬಿಸಿರಕ್ತ, ನೇರ ಬಂದು ಅಪ್ಪನ ಕೈಯಿಂದ ರೇಜರು ಕಿತ್ತುಕೊಂಡ. "ಸಾಕು, ಹೋಗಿ ಕೂತ್ಕೋ" ಎಂದ, ಎಲ್ಲರೆದುರಿಗೆ. ಅಪ್ಪ ಹೋಗಿ ಗೋಡೆ ಪಕ್ಕದ ಬೆಂಚಿನ ಮೇಲೆ ಕುಳಿತ. ಮಾರನೆಯ ದಿನವೂ ಬಂದ, ಅದರ ಮಾರನೆಯ ದಿನವೂ. ಸುಮ್ಮನೆ ಕುಳಿತಿದ್ದರೆ ಚೆನ್ನಾಗಿತ್ತು. ಮಗ ಗಡ್ಡ ಮಾಡುತ್ತಿದ್ದರೆ ಬೆಂಚಿನಿಂದಲೇ "ಎಡಗಡೆ ಬಿಟ್ಟಿದೀಯ", "ಗದ್ದದ ಕೆಳಗೆ ಇದೆ ನೋಡು" ಎನ್ನುತ್ತಿದ್ದ. ಕುರ್ಚಿ ಹೋದ ಹೊಟ್ಟೆಯುರಿಗೆ ಮುದುಕ ತನ್ನ ಮರ್ಯಾದೆ ಕಳೆಯುತ್ತಿದ್ದಾನೆ ಎಂದುಕೊಂಡ ನೊರೆಯಣ್ಣ ಮೂರು ತಿಂಗಳು ಹಲ್ಲು ಕಚ್ಚಿ ಸಹಿಸಿದ. ಆಮೇಲೊಂದು ದಿನ, "ನಿನ್ನ ಕಣ್ಣಿಗೆ ನೀನೇ ಕಾಣಲ್ಲ, ಇನ್ನೊಬ್ಬರ ಗಡ್ಡ ಕಾಣುತ್ತಾ? ಮನೇಲಿ ಬಿದ್ದಿರು" ಎಂದುಬಿಟ್ಟ. ಅಪ್ಪ ಅಂದಿನಿಂದ ಅಂಗಡಿಯ ಮೆಟ್ಟಿಲು ಹತ್ತಲಿಲ್ಲ. ಎರಡು ವರ್ಷ ಮನೆಯ ಮೂಲೆಯಲ್ಲಿ ಕುಳಿತು ಸತ್ತ.

ಆ ದಿನ ಅಂಗಡಿಯಲ್ಲಿ ಇಪ್ಪತ್ತು ವರ್ಷದ ತಮ್ಮನೂ ಇದ್ದ. ಎಲ್ಲ ನೋಡಿದ್ದ. ತಾನು ಅಪ್ಪನಿಗೆ ಮಾಡಿದ್ದನ್ನು ತಮ್ಮ ತನಗೆ ಮಾಡಿದರೆ ಯಾವ ಬಾಯಲ್ಲಿ ಬೇಡ ಎನ್ನುವುದು?

ವಾರದ ರಜೆ ಬಂತು. ಮರುದಿನ ಸೋಮವಾರ. ಹೆಂಡತಿ ಹೊರಗೆ ಹೋಗಿದ್ದ ಸಮಯ ನೋಡಿ ನೊರೆಯಣ್ಣ ಬಚ್ಚಲಿಗೆ ಹೋಗಿ ಕಲ್ಲಿನ ಮೇಲೆ ಕುಳಿತ, ಪಂಚೆ ಮೇಲೆತ್ತಿದ, ಅಂಗಡಿಯಿಂದ ಜೇಬಿನಲ್ಲಿ ಬಚ್ಚಿಟ್ಟು ತಂದಿದ್ದ ಟ್ಯೂಬಿನಿಂದ ಮೀನಖಂಡಕ್ಕೆ ಕ್ರೀಮು ಹಚ್ಚಿದ. ಅಭ್ಯಾಸ ಮಾಡಿಕೊಂಡರೆ ಇದರಲ್ಲೂ ಏನಾದರೂ ಸದ್ದು ಸಿಕ್ಕೀತು ಎಂಬ ಆಸೆ. ಉಸಿರು ಬಿಗಿಹಿಡಿದು ರೇಜರು ಆಡಿಸಿದ. ಏನೂ ಕೇಳಲಿಲ್ಲ. ಇನ್ನಷ್ಟು ತೆಳ್ಳಗೆ ಹಚ್ಚಿದ. ಇಲ್ಲ. ನಲ್ಲಿಯಿಂದ ತೊಟ್ಟಿಕ್ಕುವ ನೀರಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಅಷ್ಟು ಹೊತ್ತಿಗೆ ಹೆಂಡತಿ ಬಂದು ಬಚ್ಚಲ ಬಾಗಿಲಲ್ಲಿ ನಿಂತಿದ್ದಳು.

"ಏನ್ರೀ ಇದು, ಕಾಲಿಗೂ ಗಡ್ಡ ಬಂತಾ?"

ಅವನು ಬೆಚ್ಚಿದ. ಅವಳು ಹತ್ತಿರ ಬಂದು ಬಗ್ಗಿ ನೋಡಿದಳು, ತಮಾಷೆ ಅಲ್ಲಿಗೇ ನಿಂತಿತು. ಕಾಲಿನ ಮೇಲೆ ನಾಲ್ಕು ಕಡೆ ಕೊಯ್ದುಕೊಂಡಿದ್ದ. ಅವಳು ಟವೆಲು ಒದ್ದೆ ಮಾಡಿ ಒತ್ತಿ ಹಿಡಿದಳು. ಅವಳಿಗೆ ಕಣ್ಣಿನ ಹನಿಯ ಸೀಸೆ ಗೊತ್ತಿತ್ತು. ದಿನವೂ ಅದನ್ನು ಹಾಕುತ್ತಿದ್ದವಳೇ ಅವಳು.

"ಇಷ್ಟು ಕೊಯ್ದುಕೊಂಡಿದೀರಲ್ಲ, ಗೊತ್ತಾಗ್ಲಿಲ್ವಾ ನಿಮಗೆ?"

"ಉರಿದಾಗ ಗೊತ್ತಾಯ್ತು."

"ಉರಿದಾಗ!" ಎಂದಳು ಅವಳು. "ಗಿರಾಕಿ ಕುತ್ತಿಗೆ ಉರಿದರೆ ನಿಮಗೆ ಹೇಗೆ ಗೊತ್ತಾಗುತ್ತೆ?"

"ಕಾಲು ಬೇರೆ, ಕುತ್ತಿಗೆ ಬೇರೆ ಕಣೇ."

"ಅದನ್ನೇ ನಾನೂ ಹೇಳ್ತಿರೋದು." ಅವಳು ಟವೆಲನ್ನು ಮತ್ತೂ ಒತ್ತಿದಳು. "ನಿಮ್ಮ ತಮ್ಮನಿಗೆ ನೀವು ಹೇಳ್ತೀರೋ, ನಾನು ಹೇಳ್ಲೋ?"

"ಒಂದು ವಾರ ಸುಮ್ನಿರು. ಏನಾದ್ರೂ ದಾರಿ ಹುಡುಕ್ತೀನಿ. ನಿನ್ನ ಕಾಲಿಗೆ ಬೀಳ್ತೀನಿ, ಒಂದು ವಾರ."

ಮೂವತ್ತೈದು ವರ್ಷದ ಸಂಸಾರದಲ್ಲಿ ಅವನು ಆ ಮಾತು ಆಡಿದ್ದು ಅದೇ ಮೊದಲು. ಅವಳು ಟವೆಲು ಹಿಂಡಿ ಹಗ್ಗಕ್ಕೆ ಹಾಕಿ, ಅಡುಗೆಮನೆಗೆ ಹೋದಳು.

ಸೋಮವಾರ ನೊರೆಯಣ್ಣನ ಮೊದಲ ಗಿರಾಕಿ ಟೈಪಿಸ್ಟರು. ಕೋರ್ಟಿನಲ್ಲಿ ಮೂವತ್ತಾರು ವರ್ಷ ಇನ್ನೊಬ್ಬರ ಮಾತನ್ನು ಟೈಪು ಮಾಡಿ ನಿವೃತ್ತರಾದ ಮೇಲೆ, ಆ ಮೂವತ್ತಾರು ವರ್ಷ ಆಡದೆ ಉಳಿದ ಮಾತನ್ನೆಲ್ಲ ಈ ಅಂಗಡಿಯಲ್ಲಿ ಆಡಿ ಮುಗಿಸುತ್ತಿದ್ದರು. ವಾರಕ್ಕೆರಡು ಸಲ, ಸೋಮವಾರ ಮತ್ತು ಗುರುವಾರ, ತಪ್ಪದೆ ಬರುತ್ತಿದ್ದರು. ಮೂಗಿನ ಕೆಳಗೆ ಬ್ಲೇಡು ಓಡುತ್ತಿದ್ದರೂ ತುಟಿ ಅಲುಗಿಸದೆ ಗೊಣಗೊಣ ಮಾತಾಡುವ ಕಲೆ ಅವರಿಗೆ ಸಿದ್ಧಿಸಿತ್ತು.

"ಏನಪ್ಪ ನೊರೆಯಣ್ಣ, ನೊರೆಯೇ ಇಲ್ಲ ಇವತ್ತು! ಇದೇನಿದು, ಹಲ್ಲಿಗೆ ಹಚ್ಚೋದಾ ಗಡ್ಡಕ್ಕೆ ಹಚ್ಚೋದಾ?"

"ಕಾಲ ಬದಲಾಯ್ತಲ್ಲ ಸಾರ್," ಎಂದ ತಮ್ಮ ಎರಡನೆಯ ಕುರ್ಚಿಯಿಂದ. ಅಲ್ಲಿ ಅವನು ಒಬ್ಬರ ಕೂದಲು ಕತ್ತರಿಸುತ್ತಿದ್ದ. ಬೆಂಚಿನ ಮೇಲೆ ಇಬ್ಬರು ಕಾಯುತ್ತ ಪೇಪರು ಹಂಚಿಕೊಂಡು ಓದುತ್ತಿದ್ದರು.

ನೊರೆಯಣ್ಣ ಬೆರಳಿನಲ್ಲಿ ಕ್ರೀಮು ಹಚ್ಚಿದ. ಈ ಮುಖ ಬಾಯಿಪಾಠ, ಹೆದರಬೇಕಾದ್ದೇನಿಲ್ಲ ಎಂದು ಮನಸ್ಸಿಗೆ ಹೇಳಿಕೊಂಡ. ಬಲಗೆನ್ನೆ ಮುಗಿಯಿತು. ಟೈಪಿಸ್ಟರು ತಮ್ಮ ಮನೆಯ ನೀರಿನ ಪಂಪು ಕೆಟ್ಟ ಕಥೆ ಹೇಳುತ್ತಿದ್ದರು. ಗದ್ದ ಮುಗಿಯಿತು. ಎಡಗೆನ್ನೆಗೆ ಬಂದ. ಕಿವಿಯ ಕೆಳಗಿನಿಂದ ಇಳಿಸಿದ, ಮತ್ತೊಮ್ಮೆ ಇಳಿಸಿದ. ಬ್ಲೇಡು ಬೆಣ್ಣೆಯಲ್ಲಿ ಓಡಿದಂತೆ ಓಡುತ್ತಿತ್ತು, ಎಲ್ಲಿಯೂ ಏನೂ ಹೇಳುತ್ತಿರಲಿಲ್ಲ. ಮೂರನೆಯ ಸಲ ಇಳಿಸುವಾಗ ಪಂಪಿನ ಕಥೆ ನಿಂತಿತು. ಕಥೆ ಮುಗಿಯಿತೇನೋ ಎಂದುಕೊಂಡು ಅವನು ಬ್ಲೇಡನ್ನು ಟವೆಲಿಗೆ ಒರೆಸಿ ಕುತ್ತಿಗೆಗೆ ಇಳಿದ. ಟೈಪಿಸ್ಟರು ಮಾತಾಡಲಿಲ್ಲ. ತಮ್ಮನ ಕತ್ತರಿಯ ಸದ್ದೂ ನಿಂತಿತು. ಬೆಂಚಿನಲ್ಲಿ ಪೇಪರು ಸರಕ್ಕೆಂದಿತು.

"ಅಣ್ಣಾ," ಎಂದ ತಮ್ಮ, ಮೆತ್ತಗೆ.

"ಏನೋ?"

"ಅಣ್ಣಾ, ಕೈ ತೆಗಿ."

ಆಗ ಅವನ ಎಡಗೈಗೆ ಬೆಚ್ಚಗಿನ ಪಸೆ ತಾಗಿತು. ಬೆರಳನ್ನು ಬಲಗಣ್ಣಿನ ಹತ್ತಿರ ತಂದು ನೋಡಿದ. ರಕ್ತ. ಕಿವಿಯ ಹಾಲೆ ಕೊಯ್ದಿತ್ತು, ಟೈಪಿಸ್ಟರ ಹೆಗಲ ಮೇಲಿದ್ದ ಬಿಳಿ ಬಟ್ಟೆ ಅಂಗೈಯಗಲ ನೆಂದಿತ್ತು, ಅಷ್ಟಾದರೂ ಅವನು ಏನೂ ಆಗದವನಂತೆ ಕುತ್ತಿಗೆ ಹೆರೆಯುತ್ತಿದ್ದ. ಬ್ಲೇಡು ತಾಗದ ಕ್ಷೌರಿಕ ಭೂಮಿಯ ಮೇಲಿಲ್ಲ. ತಾಗಿದ್ದು ಗೊತ್ತಾಗದೆ ಮುಂದುವರಿದವನನ್ನು ಮಾತ್ರ ಯಾರೂ ಕ್ಷಮಿಸುವುದಿಲ್ಲ. ನೊರೆಯಣ್ಣ ರೇಜರು ಹಿಡಿದೇ ನಿಂತ. ಈಗ ಬರುತ್ತಾನೆ, ಈಗ ಕಿತ್ತುಕೊಳ್ಳುತ್ತಾನೆ, ಹೋಗಿ ಕೂತ್ಕೋ ಎನ್ನುತ್ತಾನೆ ಎಂದು ಕಾದ.

ತಮ್ಮ ಬಂದ. ಪಟಿಕದ ಕಲ್ಲನ್ನು ನೀರಿಗೆ ಅದ್ದಿ ಕಿವಿಗೆ ಒತ್ತಿ ಹಿಡಿದ. ಹಿಡಿದುಕೊಂಡೇ ಅಂಗಡಿಗೆಲ್ಲ ಕೇಳುವಂತೆ ಬೈಯಲು ಶುರುಮಾಡಿದ. "ಹಾಳಾದ್ದು ಕ್ರೀಮು! ಎಣ್ಣೆ ಜಾರಿದ ಹಾಗೆ ಜಾರುತ್ತೆ. ಅಣ್ಣ ಮೊದಲೇ ಬಡ್ಕೊಂಡ, ಬೇಡ ಕಣೋ ಬೇಡ ಅಂತ. ನಾನೇ ಕೇಳ್ಲಿಲ್ಲ. ತಪ್ಪು ನಂದು ಸಾರ್, ಪೂರ್ತಿ ನಂದು. ಬೈಯೋದಿದ್ರೆ ನನ್ನ ಬೈಯಿರಿ."

ಟೈಪಿಸ್ಟರು ಕನ್ನಡಿಯಲ್ಲಿ ಒಮ್ಮೆ ಅಣ್ಣನನ್ನು, ಒಮ್ಮೆ ತಮ್ಮನನ್ನು ನೋಡಿದರು. ಕೋರ್ಟಿನಲ್ಲಿ ಸುಳ್ಳುಸಾಕ್ಷಿ ಟೈಪು ಮಾಡಿದ ಅನುಭವವಿದ್ದವರು. "ಹೌದಪ್ಪ, ಕ್ರೀಮಿಂದೇ ತಪ್ಪು," ಎಂದರು.

ಮಾರನೆಯ ಬೆಳಿಗ್ಗೆ ನೊರೆಯಣ್ಣ ಬಂದು ನೋಡಿದರೆ, ಕೈಯಿಂದ ಮುಟ್ಟಿ ನೋಡಿದರೆ, ಬಟ್ಟಲು, ಬ್ರಷ್ಷು, ಸೋಪಿನ ಬಿಲ್ಲೆ ಮೊದಲಿನ ಜಾಗದಲ್ಲೇ ಇದ್ದವು. ಪಕ್ಕದಲ್ಲಿ ಬಿಸಿನೀರಿನ ಚೊಂಬು ಆಗಲೇ ತುಂಬಿತ್ತು. ಫ್ಯಾನು ಆರಿತ್ತು. ಫ್ಯಾನು ಆರಿಸಿದ್ದು ಅವನಲ್ಲ. ಅಂದರೆ ತಮ್ಮನಿಗೆ ಎಲ್ಲ ತಿಳಿದಿತ್ತು, ತಿಳಿದೂ ಕುರ್ಚಿಯನ್ನು ಅಣ್ಣನಿಗೇ ಬಿಟ್ಟಿದ್ದ. ಕಿತ್ತುಕೊಂಡಿದ್ದರೆ ಜಗಳವಾಡಬಹುದಿತ್ತು, ಅತ್ತುಬಿಡಬಹುದಿತ್ತು. ಇದಕ್ಕೆ ಏನು ಮಾಡಬೇಕೆಂದು ಅವನಿಗೆ ತಿಳಿಯಲಿಲ್ಲ. ಎರಡು ದಿನ ಮಣಿಕಟ್ಟು ನೋವು ಎಂದು ನೆಪ ಹೇಳಿ, ನೊರೆ ಎಬ್ಬಿಸಿ ಚೆಲ್ಲಿ, ಮತ್ತೆ ಎಬ್ಬಿಸಿ ಕಾಲ ಕಳೆದ.

ಗುರುವಾರ ಟೈಪಿಸ್ಟರು ಬಂದರು. ಕಿವಿಗೆ ಪಟ್ಟಿ ಅಂಟಿಸಿಕೊಂಡು ಬಂದವರು ತಮ್ಮನ ಕುರ್ಚಿ ಖಾಲಿಯಿದ್ದರೂ ಹೋಗಿ ಮೊದಲನೆಯ ಕುರ್ಚಿಯಲ್ಲೇ ಕುಳಿತರು. "ನನಗೆ ಹಳೇ ಸೋಪೇ ಇರಲಪ್ಪ," ಎಂದು ತಲೆಯನ್ನು ಹಿಂದಕ್ಕೆ ಆನಿಸಿ ಕುತ್ತಿಗೆ ಕೊಟ್ಟರು.

ನೊರೆಯಣ್ಣ ಬ್ರಷ್ಷು ತಿರುಗಿಸಿದ. ಅವನ ಜೀವನದಲ್ಲೇ ಅಷ್ಟು ಒಳ್ಳೆಯ ನೊರೆ ಎದ್ದಿರಲಿಲ್ಲವೇನೋ. ಕೆನ್ನೆ, ಗದ್ದ, ಕುತ್ತಿಗೆ ಎಲ್ಲ ಕಡೆ ಒಂದೇ ದಪ್ಪಕ್ಕೆ ಹಚ್ಚಿದ. ಅಭ್ಯಾಸಬಲದಿಂದ ಕೈ ರೇಜರಿಗೆ ಹೋಯಿತು, ಎತ್ತಿಕೊಂಡಿತು. ಸೋಪು ಇದೆ, ಸದ್ದು ಇರುತ್ತದೆ, ಇನ್ನೊಂದು ವರ್ಷ ಹೇಗಾದರೂ ನಡೆದೀತು. ಎಡಗೈ ಬೆರಳು ಚರ್ಮ ಎಳೆಯಲು ಹೋಗಿ ಕಿವಿಯ ಪಟ್ಟಿಯನ್ನು ಮುಟ್ಟಿತು. ಟೈಪಿಸ್ಟರು ಅಲುಗಲಿಲ್ಲ, ಮಾತನ್ನೂ ಆಡಲಿಲ್ಲ. ಉಸಿರು ಬಿಗಿಹಿಡಿದು ಕಾಯುತ್ತಿದ್ದರು. ಅವರಿಗೆ ಭಯವಾಗಿತ್ತು. ಭಯವಾಗಿದ್ದರೂ ಅವನಿಗಾಗಿ ಬಂದು ಕುತ್ತಿಗೆ ಕೊಟ್ಟಿದ್ದರು.

"ತಮ್ಮಾ," ಎಂದ ನೊರೆಯಣ್ಣ. "ಇಲ್ಲಿ ಬಾ. ಇದನ್ನ ಹಿಡ್ಕೋ. ನಂಗೆ ಕಣ್ಣು ಕಾಣಲ್ಲ."

ತಮ್ಮ ಬಂದು ರೇಜರು ತೆಗೆದುಕೊಂಡ. ನೊರೆಯಣ್ಣ ಗೋಡೆ ಹಿಡಿದು ನಡೆದು ಬೆಂಚಿನ ಮೇಲೆ ಕುಳಿತ. ನಲವತ್ತು ವರ್ಷದಲ್ಲಿ ಆ ಬೆಂಚಿನ ಮೇಲೆ ಅವನು ಒಂದು ಸಲವೂ ಕುಳಿತಿರಲಿಲ್ಲ. ಅಪ್ಪನ ಬೆನ್ನು ತಾಗಿ ತಾಗಿ ಸುಣ್ಣ ಹೋದ ಜಾಗ ಎಲ್ಲೋ ಇಲ್ಲೇ ಇತ್ತು, ಆಮೇಲೆ ಎಷ್ಟೋ ಸಲ ಬಣ್ಣ ಬಳಿಸಿದ್ದರು.

ತಮ್ಮನ ಬ್ಲೇಡು ಶುರುವಾಯಿತು. ಚರ್, ಚರ್, ಸುಯ್ಯ್. ಬೇರೆಯವರ ಕೈಯಲ್ಲಿನ ಸದ್ದನ್ನು ನೊರೆಯಣ್ಣ ಹೀಗೆ ಕುಳಿತು ಕೇಳಿದ್ದು ಇದೇ ಮೊದಲು. ಬಲಗೆನ್ನೆ ನುಣ್ಣಗಾಯಿತು. ಗದ್ದ ಆಯಿತು. ಎಡಗಡೆ ಕಿವಿಯ ಪಟ್ಟಿಗೆ ತಾಗದಂತೆ ತಮ್ಮ ಕೈ ತಿರುಗಿಸಿದ, ಬ್ಲೇಡು ದವಡೆಯ ಕೆಳಗೆ ಬೆರಳಗಲ ಜಾಗ ಹಾರಿ ಮುಂದೆ ಹೋಯಿತು. ಸದ್ದು ಅಲ್ಲಿ ಕಡಿದು ಆಚೆ ಮತ್ತೆ ಶುರುವಾದದ್ದು ನೊರೆಯಣ್ಣನಿಗೆ ಹತ್ತು ಅಡಿ ದೂರದ ಬೆಂಚಿನಲ್ಲಿ ಸ್ಪಷ್ಟವಾಗಿ ಕೇಳಿಸಿತು.

ಎಡಗಡೆ ಬಿಟ್ಟಿದೀಯ.

ಅಪ್ಪ ಹೊಟ್ಟೆಯುರಿಗೆ ಹೇಳಿದ್ದಲ್ಲ. ಅಪ್ಪನಿಗೆ ಕೇಳಿಸುತ್ತಿತ್ತು. ಮೂರು ತಿಂಗಳು, ದಿನವೂ, ಸರಿಯಾಗಿ ಕೇಳಿಸುತ್ತಿತ್ತು. ನೊರೆಯಣ್ಣ ಎರಡೂ ಕೈಗಳಲ್ಲಿ ಬೆಂಚಿನ ಅಂಚು ಹಿಡಿದುಕೊಂಡ. ಬಾಯಿ ತೆರೆದ, ತಾನು ಅಂದು ಆಡಿದ ಮಾತು ನೆನಪಾಯಿತು, ಬಾಯಿ ಮುಚ್ಚಿದ.

ಬ್ಲೇಡಿನ ಸದ್ದು ನಿಂತಿತು. ತಮ್ಮ ಟವೆಲು ಎತ್ತಿಕೊಳ್ಳದೆ ಹಾಗೇ ನಿಂತಿದ್ದ.

"ಅಣ್ಣ, ಎಲ್ಲಾದ್ರೂ ಬಿಟ್ಟಿದೀನಾ?"

ನೊರೆಯಣ್ಣ ಬೆಂಚಿನ ಅಂಚನ್ನು ಇನ್ನಷ್ಟು ಬಿಗಿಯಾಗಿ ಹಿಡಿದ.

"ಹೇಳು," ಎಂದ ತಮ್ಮ, ತಿರುಗಿ ನೋಡದೆ. "ಅಪ್ಪ ಹೇಳ್ತಿದ್ದಾಗ ನಾನು ಪಕ್ಕದಲ್ಲೇ ನಿಂತು ನೋಡ್ತಿದ್ದೆ. ಅಪ್ಪ ಹೇಳಿದ ಜಾಗದಲ್ಲಿ ಪ್ರತೀ ಸಲಾನೂ ಗಡ್ಡ ಇರ್ತಿತ್ತು."

ನೊರೆಯಣ್ಣನ ಕೆನ್ನೆ ಒದ್ದೆಯಾಗಿತ್ತು. ಅದನ್ನು ಒರೆಸಿಕೊಳ್ಳಲೂ ಅವನಿಗೆ ತೋಚಲಿಲ್ಲ.

"ಎಡಗಡೆ," ಎಂದ. "ದವಡೆ ಕೆಳಗೆ, ಬೆರಳಗಲ."

ತಮ್ಮ ಬಗ್ಗಿ ನೋಡಿದ, ಬ್ಲೇಡು ಇಟ್ಟು ಎಳೆದ. ಚರ್ ಎಂದಿತು.